ಹನ್ನೆರಡೂ ಮುಕ್ಕಾಲರ ಜಾತಕ

ನನ್ನ ಹೆರಿಗೆಗೆ ಕರೆಯೋಲೆ ಹೋಗಿತ್ತು ಎಂದರೆ ಈಗಲೂ ಕೆಲವರು ನಂಬುವುದಿಲ್ಲ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟುಕೊಂಡು, ಇಂಥ ಗುರುವಾರ, ಬೆಳಿಗ್ಗೆ ಇಷ್ಟು ಗಂಟೆಗೆ, ತಪ್ಪದೆ ಬರಬೇಕು ಎಂದು ಹೇಳಿ ಬಂದವರು ನನ್ನ ಅತ್ತೆ. ಕರೆದದ್ದು ಮೂರೇ ಜನರನ್ನು. ಊಟಕ್ಕಲ್ಲ, ರಕ್ತ ಕೊಡಲಿಕ್ಕೆ.

ಮದುವೆಯಾಗಿ ಐದನೆಯ ವರ್ಷಕ್ಕೆ ನಾನು ಮೊದಲ ಸಲ ಬಸುರಿಯಾದೆ. ನಮ್ಮ ಮನೆ ಸೀತಾಂಗೋಳಿ ಪೇಟೆಯಿಂದ ಎರಡು ಕಿಲೋಮೀಟರು ಒಳಗೆ. ನನ್ನ ಗಂಡ ಪೇಟೆ ಹತ್ತಿರ ಸಿಮೆಂಟ್ ಇಟ್ಟಿಗೆ ಮಾಡುವ ಹಾಲೋಬ್ಲಾಕ್ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ನಾನು ಸರಕಾರಿ ಹೈಸ್ಕೂಲಿನ ಕನ್ನಡ ವಿಭಾಗದಲ್ಲಿ ವಿಜ್ಞಾನದ ಟೀಚರು. ಮನೆಯಲ್ಲಿ ಮೂರನೆಯವರು ಅತ್ತೆ. ನನ್ನ ಅಮ್ಮ ನಾನು ಬಿ.ಎಡ್. ಓದುವಾಗಲೇ ತೀರಿಕೊಂಡಿದ್ದರು. ಹಾಗಾಗಿ ಚೊಚ್ಚಲ ಹೆರಿಗೆಗೆ ತವರಿಗೆ ಹೋದರೆ ಬಾಣಂತನ ಮಾಡುವವರು ಯಾರೂ ಇರಲಿಲ್ಲ. ಪರೀಕ್ಷೆಯ ಕಡ್ಡಿಯಲ್ಲಿ ಎರಡು ಗೆರೆ ಮೂಡಿದ ಬೆಳಿಗ್ಗೆ ನಾನು ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಓಡಿದೆ. ಅತ್ತೆ ತೆಂಗಿನಕಾಯಿ ತುರಿಯುತ್ತಿದ್ದರು. ತಲೆ ಎತ್ತಿ ಕಡ್ಡಿ ನೋಡಿದರು, ನನ್ನನ್ನು ನೋಡಿದರು. "ಓಡಬೇಡ ಮಾರಾಯ್ತಿ!" ಎಂದು ಕಿರುಚಿದರು. ಅದೇ ನನಗೆ ಸಿಕ್ಕ ಮೊದಲ ಶುಭಾಶಯ.

ಐದನೆಯ ತಿಂಗಳವರೆಗೆ ನಾನು ಹಾರಾಡಿಕೊಂಡೇ ಇದ್ದೆ. ವಾಂತಿ ಬಂದರೂ ಖುಷಿ, ಸೀರೆಯ ನೆರಿಗೆ ನಿಲ್ಲದಿದ್ದರೂ ಖುಷಿ. ಆಮೇಲೆ ರಾಜ್ಯದ ಗಡಿ ದಾಟಿ ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಆಯಿತು. ಡಾಕ್ಟರಮ್ಮ ಪರದೆಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು. ಮಗು ಚೆನ್ನಾಗಿದೆ, ಮಗುವಿಗೆ ಅನ್ನ ನೀರು ಕೊಡುವ ಮಾಸು ಮಾತ್ರ ಇರಬೇಕಾದ ಜಾಗದಲ್ಲಿಲ್ಲ. ಹತ್ತನೆಯ ಕ್ಲಾಸಿನ ಮಕ್ಕಳಿಗೆ ನಾನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದ ಚಿತ್ರದಲ್ಲಿ ಮಾಸು ಮೇಲಿರುತ್ತದೆ. ನನ್ನದು ಕೆಳಗಿಳಿದು ಬಂದು ಗರ್ಭಕೋಶದ ಬಾಗಿಲಿಗೇ ಅಡ್ಡ ಕೂತಿತ್ತು.

"ಮೇಲೆ ಸರಿಯಬಹುದು, ಸರಿಯದೆಯೂ ಇರಬಹುದು" ಎಂದರು ಡಾಕ್ಟರಮ್ಮ. ಅದು ಸರಿಯಲಿಲ್ಲ. ಏಳನೆಯ ತಿಂಗಳಲ್ಲಿ ಅವರು ನಮ್ಮಿಬ್ಬರನ್ನೂ ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳಿದರು. ಸಹಜ ಹೆರಿಗೆ ಸಾಧ್ಯವೇ ಇಲ್ಲ. ಯಾವ ಹೊತ್ತಿಗೂ ರಕ್ತ ಹೋಗಲು ಶುರುವಾಗಬಹುದು, ಹೋದರೆ ಜೋರಾಗಿಯೇ ಹೋಗಬಹುದು. ಏನೂ ಆಗದಿದ್ದರೆ ಮೂವತ್ತೇಳು ವಾರ ತುಂಬಿದ ಮೇಲೆ ಆಪರೇಷನ್. ಅದರ ಮೇಲೆ ನನ್ನ ರಕ್ತ ಓ ನೆಗೆಟಿವ್, ಬೇಕೆಂದಾಗ ಸಿಗುವ ಜಾತಿಯದ್ದಲ್ಲ. "ಅದೇ ಗುಂಪಿನ ಮೂರು ಜನರನ್ನು ಈಗಲೇ ಹೇಳಿಟ್ಟುಕೊಳ್ಳಿ" ಎಂದರು.

ನನಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ದಿನಗಳನ್ನು ನೆನೆದರೆ ಮೊದಲು ನೆನಪಾಗುವುದು ಹುರುಪೇ. ನನ್ನನ್ನು ಮಂಚಕ್ಕೆ ಹಾಕಿದರು. ಕಾಲು ಎತ್ತರದಲ್ಲಿದ್ದರೆ ಒಳ್ಳೆಯದು ಎಂದು ಯಾರೋ ಹೇಳಿದ್ದೇ ತಡ, ಇವರು ಕಾರ್ಖಾನೆಯಿಂದ ಎರಡು ಹಾಲೋಬ್ಲಾಕ್ ತಂದು ಮಂಚದ ಕಾಲಿಗೆ ಕೊಟ್ಟರು. ನಾನು ದಿನವಿಡೀ ತಲೆ ಕೆಳಗೆ, ಕಾಲು ಮೇಲೆ. ನನ್ನ ಹೊಟ್ಟೆ ನನಗೇ ಎದುರಿಗೆ ಗುಡ್ಡದಂತೆ ಕಾಣುತ್ತಿತ್ತು. ಮಗು ಒದ್ದರೆ ಗುಡ್ಡ ಅಲುಗುತ್ತಿತ್ತು, ನಾನು "ಅತ್ತೇ!" ಎಂದು ಕೂಗುತ್ತಿದ್ದೆ, ಅವರು ಸೌಟು ಹಿಡಿದುಕೊಂಡೇ ಬರುತ್ತಿದ್ದರು. ಬರುವಷ್ಟರಲ್ಲಿ ಮಗು ಸುಮ್ಮನಾಗುತ್ತಿತ್ತು. "ನನಗೆ ಮಾತ್ರ ತೋರಿಸುದಿಲ್ಲ ನೋಡು, ಈಗಲೇ ಕೊಬ್ಬು" ಎಂದು ಬೈದು ಹೋಗುತ್ತಿದ್ದರು. ಮಗುವಿನ ಮೊದಲ ಬೈಗುಳ ಕೂಡ ಅವರದ್ದೇ.

ಮೂವತ್ತೇಳು ವಾರ ತುಂಬಿದ ಮೇಲಿನ ಐದು ದಿನಗಳಲ್ಲಿ ಯಾವುದಾದರೂ ಆದೀತು ಎಂದು ಡಾಕ್ಟರಮ್ಮ ಹೇಳಿದ್ದೇ ಎಡವಟ್ಟಾಯಿತು. ಅತ್ತೆ ಮರುದಿನವೇ ನಮ್ಮ ಮನೆಯ ಕಾರ್ಯಗಳಿಗೆಲ್ಲ ದಿನ ನೋಡಿಕೊಡುವ ಜೋಯಿಸರಲ್ಲಿಗೆ ಹೊರಟರು. ನಾನು ತಲೆಕೆಳಗಾಗಿ ಮಲಗಿಕೊಂಡೇ ಜಗಳ ತೆಗೆದೆ. ಆಪರೇಷನ್ನಿಗೆಲ್ಲ ಮುಹೂರ್ತ ಇಡುವುದುಂಟಾ, ನಾನು ಶಾಲೆಯಲ್ಲಿ ಮುಖ ತೋರಿಸುವುದು ಹೇಗೆ ಎಂದೆ.

"ಡಾಕ್ಟ್ರು ಐದು ದಿನ ಕೊಟ್ಟಿದ್ದಾರೆ, ನಾನು ಅದರಲ್ಲಿ ಒಂದು ತೆಗಿತೇನೆ. ನಿನಗೆ ಎಂತ ನಷ್ಟ?" ಎಂದು ಕೇಳಿದರು ಅತ್ತೆ.

ಸಂಜೆ ಒಂದು ಚೀಟಿ ಹಿಡಿದುಕೊಂಡು ಬಂದರು: ಗುರುವಾರ, ಶ್ರವಣ ನಕ್ಷತ್ರ, ಬೆಳಿಗ್ಗೆ ಒಂಬತ್ತೂ ಇಪ್ಪತ್ತರಿಂದ ಹತ್ತೂ ಐದರ ಒಳಗೆ. ಆ ಹೊತ್ತಿಗೆ ಆಪರೇಷನ್ ಮಾಡಲು ಡಾಕ್ಟರಮ್ಮನೂ ಒಪ್ಪಿದರು. ಇಂಥ ಚೀಟಿ ಅವರು ದಿನಾ ನೋಡುತ್ತಾರಂತೆ. ಇನ್ನೊಂದು ನಿಜವನ್ನೂ ಹೇಳಬೇಕು. ಜಗಳ ತೆಗೆದ ನಾನೇ ಆ ರಾತ್ರಿ ಕ್ಯಾಲೆಂಡರ್ ತರಿಸಿಕೊಂಡು ಆ ಗುರುವಾರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಒಂದು ದಿನ ಗೊತ್ತಾಯಿತು ಎಂದರೆ ಮಗು ಗೊತ್ತಾದ ಹಾಗೇ ಅನಿಸಿತು. ಇನ್ನು ಮೂವತ್ತು ದಿನ, ಇಪ್ಪತ್ತೊಂಬತ್ತು ದಿನ ಎಂದು ಎಣಿಸುವ ಖುಷಿಗೆ ವಿಜ್ಞಾನ ಅಡ್ಡ ಬರಲಿಲ್ಲ.

ಅತ್ತೆ ಅಲ್ಲಿಗೇ ನಿಲ್ಲಲಿಲ್ಲ. ತೀರಿಹೋದ ಮಾವನ ಕೈಗಡಿಯಾರವನ್ನು ಪೆಟ್ಟಿಗೆಯಿಂದ ತೆಗೆದು, ಕೀ ಕೊಟ್ಟು, ಕೈಗೆ ಕಟ್ಟಿಕೊಂಡರು. ಅದು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿತ್ತು. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ನನ್ನ ಮೊಬೈಲಿನಲ್ಲಿ ಗಂಟೆ ಕೇಳಿ ಸರಿಮಾಡಿಕೊಳ್ಳುತ್ತಿದ್ದರು. ಮಗು ಹುಟ್ಟಿದ ನಿಮಿಷ ತಪ್ಪಬಾರದು, ಜಾತಕ ಕೆಡುತ್ತದೆ ಎಂಬುದು ಅವರ ಚಿಂತೆ.

ರಕ್ತ ಕೊಡುವವರನ್ನು ಹುಡುಕಿದ್ದು ಇವರು. ಒಬ್ಬರು ಕುಂಬಳೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಹಾಜಿಯವರು. ಇನ್ನೊಬ್ಬರು ಮದುವೆ ಮುಂಜಿಗೆ ಅಡುಗೆ ಮಾಡುವ ಭಟ್ಟರು. ಮೂರನೆಯವರು ನಮ್ಮ ಶಾಲೆಯ ಮಲಯಾಳಂ ಮೇಷ್ಟ್ರು, ಎಲ್ಲರ ಬಾಯಲ್ಲಿ ಮಾಷ್, ತೆಂಕಣ ಜಿಲ್ಲೆಯವರು, ಶುಕ್ರವಾರದ ರೈಲಿಗೆ ಊರಿಗೆ ಹೋದರೆ ಸೋಮವಾರ ಬರುವವರು. ಮೂವರೂ ಫೋನಿನಲ್ಲೇ ಒಪ್ಪಿದ್ದರು. ಆದರೆ ಒಳ್ಳೆಯ ಕೆಲಸಕ್ಕೆ ಫೋನಿನಲ್ಲಿ ಕರೆಯುವುದು ಎಂದರೆ ಅತ್ತೆಗೆ ಆಗಿಬರುವುದಿಲ್ಲ. ತಟ್ಟೆ ಹಿಡಿದುಕೊಂಡು ಹೊರಟೇಬಿಟ್ಟರು.

ಎಲೆ ಅಡಿಕೆ ನೋಡಿ ಹಾಜಿಯವರು ಎದ್ದು ನಿಂತು, "ಯಾರ ಮದುವೆ ಅಮ್ಮಾ?" ಎಂದು ಕೇಳಿದರಂತೆ.

"ಮದುವೆ ಅಲ್ಲ. ನನ್ನ ಸೊಸೆಯ ಹೆರಿಗೆ. ಗುರುವಾರ ಎಂಟು ಗಂಟೆಗೇ ಬಂದುಬಿಡಬೇಕು ನೀವು."

ಹಾಜಿಯವರು ನಗಲಿಲ್ಲವಂತೆ. ಎರಡೂ ಕೈಯಲ್ಲಿ ತಟ್ಟೆ ಮುಟ್ಟಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರಂತೆ. ನಗುವುದೇನಿದ್ದರೂ ನಾನು ನಕ್ಕೆ, ಹೊಟ್ಟೆ ಹಿಡಿದುಕೊಂಡು. ನಕ್ಕು ಮುಗಿದ ಮೇಲೆ ನಾನೇ ಮೂವರಿಗೂ ವಾಟ್ಸಾಪಿನಲ್ಲಿ ಆ ದಿನ, ಆ ಗಂಟೆ, ಆಸ್ಪತ್ರೆಯ ಯಾವ ಬಾಗಿಲು ಎಂದೆಲ್ಲ ಬರೆದು ಕಳುಹಿಸಿದೆ. ಅಂದರೆ ತಪ್ಪು ಅತ್ತೆಯೊಬ್ಬರದ್ದೇ ಅಲ್ಲ. ಯಾವ ಹೊತ್ತಿಗೂ ಬೇಕಾದೀತು ಎಂದು ಡಾಕ್ಟರಮ್ಮ ಹೇಳಿದ ರಕ್ತವನ್ನು ನಾವೆಲ್ಲ ಸೇರಿ ಒಂದು ಗುರುವಾರಕ್ಕೆ ಕಟ್ಟಿಹಾಕಿದೆವು.

ಆ ಗುರುವಾರಕ್ಕೆ ಇನ್ನೂ ಹನ್ನೊಂದು ದಿನ ಇರುವಾಗ, ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು ಮಲಗಿದಲ್ಲೇ ದೋಸೆ ತಿನ್ನುತ್ತಿದ್ದೆ. ನೋವಿಲ್ಲ, ಏನಿಲ್ಲ. ಕೆಳಗೆ ಬೆಚ್ಚಗಾಯಿತು. ಹೊದಿಕೆ ಸರಿಸಿ ನೋಡಿದರೆ ಹಾಸಿಗೆ ಕೆಂಪಾಗಿತ್ತು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಇವತ್ತಲ್ಲ!"

ಇವರು ನನ್ನನ್ನು ಎತ್ತಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆ ಅತ್ತೆಯ ತೊಡೆಯ ಮೇಲೆ. ಮನೆಯಿಂದ ಆಸ್ಪತ್ರೆಗೆ ರಸ್ತೆಗೆ ಅಡ್ಡ ಹಾಕಿದ ಹಂಪು ಎಷ್ಟು ಎಂದು ಇವರು ಮೊದಲೇ ಎರಡು ಸಲ ಹೋಗಿ ಎಣಿಸಿ ಬಂದಿದ್ದರು. ಹಂಪು ಬರುವ ಮೊದಲು "ಈಗ ಒಂದು" ಎಂದು ಎಚ್ಚರಿಸುತ್ತಿದ್ದರು. ಹೆದ್ದಾರಿಯ ಕೆಲಸಕ್ಕೆ ಹೊಸದಾಗಿ ಹಾಕಿದ ಹಂಪುಗಳು ಅವರ ಲೆಕ್ಕದಲ್ಲಿರಲಿಲ್ಲ. ಒಂದೊಂದಕ್ಕೂ ಅವರ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಗು ಮಾತ್ರ ಒದೆಯುತ್ತಿತ್ತು. ಒದ್ದಷ್ಟೂ ನನಗೆ ಧೈರ್ಯ. ಒದಿ, ಒದಿ, ನಿಲ್ಲಿಸಬೇಡ ಎಂದು ಒಳಗೇ ಹೇಳುತ್ತಿದ್ದೆ.

ಅತ್ತೆ ಫೋನ್ ತೆಗೆದರು. ಮಾಷ್ ಮೊದಲ ರಿಂಗಿಗೇ ಎತ್ತಿಕೊಂಡರು.

"ಅಯ್ಯೋ ಅಮ್ಮಾ, ನಾನು ಊರಲ್ಲಿ ಅಲ್ವಾ! ನಿಮ್ಮ ಗುರುವಾರಕ್ಕೆ ಲೀವ್ ಕೂಡ ಬರೆದು ಕೊಟ್ಟಿದ್ದೇನೆ."

ಹಾಜಿಯವರ ದನಿ ದೂರದಿಂದ ಬಂತು. "ನಾನು ದುಬೈಯಲ್ಲಿ, ಮಗಳ ಮನೆಯಲ್ಲಿ ಇದ್ದೇನೆ ಅಮ್ಮಾ. ಗುರುವಾರಕ್ಕೆ ಬೇಕು ಅಂತ ಬುಧವಾರದ ಟಿಕೆಟ್ ಮಾಡಿದ್ದು. ಸ್ವಲ್ಪ ನಿಲ್ಲಿ, ಎಂತ ಆಗ್ತದೆ ನೋಡ್ತೇನೆ."

ಅಡುಗೆ ಭಟ್ಟರು ಮೂರು ಸಲಕ್ಕೂ ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿದಾಗ ಹಿಂದೆ ಪಾತ್ರೆಗಳ ಸದ್ದು, ನಾಗಸ್ವರ. "ಗುರುವಾರ ಅಲ್ವಾ ಅಮ್ಮಾ? ನಾನು ಮೀಂಜದಲ್ಲಿ ಮದುವೆ ಅಡುಗೆಯಲ್ಲಿದ್ದೇನೆ. ಎಂಟುನೂರು ಜನ ಉಂಟು."

"ಇವಳಿಗೆ ರಕ್ತ ಹೋಗ್ತಾ ಉಂಟು ಮಗಾ" ಎಂದರು ಅತ್ತೆ. ಅಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲ.

ಆಗ ನನ್ನ ಸಿಟ್ಟು ಕಿತ್ತುಕೊಂಡು ಬಂತು. ನಾನು ಸಿಟ್ಟಿನವಳೇ, ಅದು ಎಲ್ಲರಿಗೂ ಗೊತ್ತು. ಆದರೆ ಅತ್ತೆಯ ಮೇಲೆ ಅಷ್ಟು ಕೆಟ್ಟದಾಗಿ ಎಂದೂ ಹರಿಹಾಯ್ದಿರಲಿಲ್ಲ. "ನಿಮ್ಮ ಜೋಯಿಸರಿಗೇ ಫೋನ್ ಮಾಡಿ. ಅವರೇ ಬಂದು ರಕ್ತ ಕೊಡಲಿ! ನಿಮ್ಮ ಗುರುವಾರಕ್ಕೋಸ್ಕರ ನಾನೂ ಸಾಯುತ್ತೇನೆ, ಮಗುವೂ ಸಾಯುತ್ತದೆ!" ಎಂದೆ. ಅವರ ತೊಡೆಯ ಮೇಲೆ ತಲೆ ಇಟ್ಟುಕೊಂಡೇ ಹೇಳಿದೆ. ನನ್ನ ಹಣೆಯ ಮೇಲಿದ್ದ ಅತ್ತೆಯ ಕೈ ಹಾಗೆಯೇ ಇತ್ತು, ಗಡಿಯಾರದ ಟಿಕ್ ಟಿಕ್ ನನ್ನ ಕಿವಿಯ ಹತ್ತಿರವೇ ಕೇಳುತ್ತಿತ್ತು. ಇವರು ಮುಂದಿನಿಂದ "ಈಗ ಒಂದು" ಎಂದರು.

ಆಸ್ಪತ್ರೆ ತಲುಪಿದಾಗ ಒಂಬತ್ತು ಗಂಟೆ. ಡಾಕ್ಟರಮ್ಮ ಭಾನುವಾರದ ಸಾದಾ ಚೂಡಿದಾರದಲ್ಲೇ ಓಡಿ ಬಂದರು. ಮಗುವಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗೆ ಇತ್ತು ಆ ಸದ್ದು. ಅದನ್ನು ಕೇಳಿ ನಾನು ಅಳುತ್ತಲೇ ನಕ್ಕೆ. ರಕ್ತ ಹೋಗುವುದು ಸ್ವಲ್ಪ ಕಡಿಮೆಯಾಗಿತ್ತು. ಬ್ಲಡ್ ಬ್ಯಾಂಕಿನಲ್ಲಿ ನನ್ನ ಗುಂಪಿನದ್ದು ಒಂದೇ ಚೀಲ ಇತ್ತು. "ಇನ್ನೆರಡು ಕೈಯಲ್ಲಿದ್ದರೆ ನನಗೆ ಧೈರ್ಯ. ಆದಷ್ಟು ಹೊತ್ತು ಕಾಯುವ, ಆಗದಿದ್ದರೆ ಕಾಯುವುದಿಲ್ಲ" ಎಂದರು. ಹೊರಗೆ ಹೋಗಿ ಇವರಿಂದ ಸಹಿ ಹಾಕಿಸಿಕೊಂಡರು. ರಕ್ತ ನಿಲ್ಲದೇ ಹೋದರೆ ಗರ್ಭಕೋಶ ತೆಗೆಯಬೇಕಾದೀತು, ಜೀವಕ್ಕೂ ಅಪಾಯ ಉಂಟು ಎಂದು ಆ ಕಾಗದದಲ್ಲಿತ್ತು. ಇವರ ಸಹಿ ಬ್ಯಾಂಕಿನಲ್ಲಿ ಹಾಕುವ ಸಹಿಯ ಹಾಗೆ ಇರಲೇ ಇಲ್ಲ, ಆಮೇಲೆ ನೋಡಿದ್ದೇನೆ.

ಹನ್ನೊಂದೂವರೆಗೆ ಮತ್ತೆ ಜೋರಾಗಿ ರಕ್ತ ಹೋಯಿತು. "ಇನ್ನು ಕಾಯುವುದಿಲ್ಲ" ಎಂದರು ಡಾಕ್ಟರಮ್ಮ. ನನ್ನನ್ನು ತಳ್ಳುಗಾಡಿಯಲ್ಲಿ ಥಿಯೇಟರಿನ ಕಡೆಗೆ ಓಡಿಸಿದರು. ಕಾರಿಡಾರಿನ ಬೆಂಚಿನಲ್ಲಿ ಒಬ್ಬರು ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಪಂಚೆಗೆ ಅರಶಿನದ ಕಲೆ, ಹೆಗಲಲ್ಲಿ ಕೈ ಒರೆಸುವ ಬೈರಾಸು, ಮೊಣಕೈ ಮಡಚಿದಲ್ಲಿ ಹತ್ತಿಯ ಉಂಡೆ. ಅಡುಗೆ ಭಟ್ಟರು! ಫೋನ್ ಕಟ್ಟಾದದ್ದಲ್ಲ, ಅವರೇ ಇಟ್ಟು ಬೈಕ್ ಹತ್ತಿದ್ದರು. ನಾನು ಆಸ್ಪತ್ರೆ ತಲುಪುವ ಮೊದಲೇ ಅವರು ತಲುಪಿ ಬ್ಲಡ್ ಬ್ಯಾಂಕಿನ ಬಾಗಿಲಲ್ಲಿ ನಿಂತಿದ್ದರಂತೆ. ನನ್ನನ್ನು ಕಂಡು ಎದ್ದು ಬಂದರು.

"ಟೀಚರೇ, ಪಾಯಸಕ್ಕೆ ಬೆಲ್ಲ ಹಾಕುವ ಮೊದಲೇ ಬಂದಿದ್ದೇನೆ. ಆ ಮದುವೆಯವರ ಬೈಗುಳ ನನಗಿರಲಿ. ನೀವು ಎಂತ ಹೆದರಬೇಡಿ."

ಅವರ ಹಿಂದೆ ಇನ್ನೊಬ್ಬರು ತೋಳು ಮಡಚಿಕೊಂಡು ನಿಂತಿದ್ದರು, ನಾನು ಎಂದೂ ಕಂಡವರಲ್ಲ. "ಹಾಜಿಯವರ ತಮ್ಮ" ಎಂದರು ಇವರು. ಅಣ್ಣನದ್ದೇ ಗುಂಪು. ದುಬೈಯಿಂದ ಅಣ್ಣ ಮಾಡಿದ ಫೋನಿಗೆ ಎದ್ದು ಬಂದವರು. ನನಗೆ ಆ ಕಾರಿಡಾರಿನಲ್ಲೇ ಎದ್ದು ಕೂತು ಎಲ್ಲರಿಗೂ ಕೈಮುಗಿಯಬೇಕು ಅನಿಸಿತು. ಅಷ್ಟು ರಕ್ತ ಹೋಗುತ್ತಿದ್ದರೂ ಎದೆಯಲ್ಲಿ ಏನೋ ಉಬ್ಬಿ ಬಂತು; ಗೆದ್ದೇಬಿಟ್ಟೆವು ಎನ್ನುವ ಹಾಗೆ. ಅತ್ತೆಯನ್ನು ಹುಡುಕಿದೆ. ಅವರು ಬಾಗಿಲಿನ ಪಕ್ಕ ಗೋಡೆಗೆ ಒತ್ತಿ ನಿಂತಿದ್ದರು. ನಾನು ಹೇಳಬೇಕಾದ ಮಾತು ನಾಲಿಗೆಗೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿತು.

ಬೆನ್ನಿಗೆ ಸೂಜಿ ಹಾಕಿದರು. ಸೊಂಟದಿಂದ ಕೆಳಗೆ ನನ್ನದು ಎನ್ನುವುದೇ ಇಲ್ಲವಾಯಿತು. ಮುಖದ ಮುಂದೆ ಹಸುರು ಬಟ್ಟೆ. ಆಮೇಲೆ ಯಾರೋ ಒಳಗಿನಿಂದ ಎಳೆದ ಹಾಗೆ, ಅಲುಗಾಡಿಸಿದ ಹಾಗೆ. ಮತ್ತೆ ಒಂದು ಸದ್ದು, ಬೆಕ್ಕಿನ ಮರಿಯ ಹಾಗೆ ಸಣ್ಣದು. "ಹೆಣ್ಣು" ಎಂದರು ಯಾರೋ. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು: ಹನ್ನೊಂದು ಐವತ್ತೆರಡು. ಒಂದು ಕ್ಷಣ ತೋರಿಸಿದರು. ಕೆಂಪು ಮುಖ, ಹಣೆಯ ತುಂಬ ಗೆರೆ, ಯಾರ ಮೇಲೋ ಸಿಟ್ಟು. ನನ್ನ ಮಗಳೇ, ಸಂಶಯವಿಲ್ಲ! ನಾನು ಜೋರಾಗಿ ನಕ್ಕೆನಂತೆ, ಅರಿವಳಿಕೆಯ ಡಾಕ್ಟರು ಹೆದರಿದರಂತೆ. ಎರಡು ಕಿಲೋ ಆಗಲು ಇನ್ನೂ ನೂರು ಗ್ರಾಂ ಬಾಕಿ. ಅವಳನ್ನು ಗಾಜಿನ ಪೆಟ್ಟಿಗೆಗೆ ಒಯ್ದರು.

ಆಮೇಲಿನದ್ದು ನನಗೆ ತುಂಡು ತುಂಡಾಗಿ ನೆನಪು. ರಕ್ತ ನಿಲ್ಲಲಿಲ್ಲ. ಡಾಕ್ಟರಮ್ಮನ ದನಿ ಗಟ್ಟಿಯಾಯಿತು. ಮೊದಲ ಚೀಲ ಮುಗಿಯಿತು. ನನಗೆ ಚಳಿ, ಹಲ್ಲು ಕಟಕಟ. ಭಟ್ಟರ ಚೀಲದ ಪರೀಕ್ಷೆ ಮುಗಿದು ಅದು ಒಳಗೆ ಬಂದದ್ದನ್ನು ಕಣ್ಣಾರೆ ಕಂಡೆ. ಅದರ ನಂತರ ಹಾಜಿಯವರ ತಮ್ಮನದ್ದು. "ನಿಂತಿತು" ಎಂದು ಯಾರೋ ಹೇಳಿದಾಗ ನಾನು ಗಡಿಯಾರ ನೋಡಲಿಲ್ಲ. ಗರ್ಭಕೋಶ ಉಳಿಯಿತು. ನಾನು ಉಳಿದೆ.

ಹೊರಗೆ ಏನಾಯಿತು ಎಂದು ಇವರು ಆಮೇಲೆ ಹೇಳಿದ್ದು. ಸಿಸ್ಟರು ಮಗುವನ್ನು ತಂದು, "ಹೆಣ್ಣು ಮಗು, ಹನ್ನೊಂದು ಐವತ್ತೆರಡು" ಎಂದರಂತೆ. ದಿನಾ ಗಡಿಯಾರ ಸರಿಮಾಡಿಕೊಂಡು ಕಾದ ಅತ್ತೆ ಅದನ್ನು ನೋಡಲಿಲ್ಲ. "ಇದರ ಅಮ್ಮ ಎಲ್ಲಿ?" ಎಂದು ಕೇಳಿದರು. ಇನ್ನೂ ಹೊತ್ತಾಗುತ್ತದೆ ಎಂದು ಸಿಸ್ಟರು ಹೇಳಿ ಹೋದರು. ಅಲ್ಲಿಂದ ನನ್ನನ್ನು ಹೊರಗೆ ತರುವವರೆಗೆ ಅತ್ತೆ ಆ ಬಾಗಿಲು ಬಿಟ್ಟು ಕದಲಲಿಲ್ಲ, ಭಟ್ಟರು ಕೊಟ್ಟ ನೀರನ್ನೂ ಕುಡಿಯಲಿಲ್ಲ.

ಮಗಳು ಹನ್ನೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಗೊತ್ತು ಮಾಡಿದ್ದ ಗುರುವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಅವಳು ಮೊದಲ ಸಲ ನನ್ನ ಹಾಲು ಚೀಪಿದಳು ಎಂದು ಬರೆದರೆ ಕತೆ ಚೆಂದವಾಗುತ್ತಿತ್ತು. ಆ ಹೊತ್ತಿಗೆ ಅವಳು ನಿದ್ದೆಯಲ್ಲಿದ್ದಳು. ಹಾಲು ಚೀಪಿದ್ದು ಸಂಜೆ, ಅದೂ ನಾಲ್ಕೇ ಗುಟುಕು. ಅತ್ತೆ ಅಷ್ಟಕ್ಕೇ ಇಡೀ ವಾರ್ಡಿಗೆ ಸುದ್ದಿ ಹಬ್ಬಿಸಿದರು. ನಾನು ಕಾರಿನಲ್ಲಿ ಆಡಿದ ಮಾತನ್ನು ಅವರು ಎತ್ತಲಿಲ್ಲ, ನಾನು ಎತ್ತಲು ಹೋದಾಗಲೆಲ್ಲ "ಹಾಲು ಆರ್ತದೆ, ಕುಡಿ" ಎನ್ನುತ್ತಿದ್ದರು.

ಮನೆಗೆ ಬಂದು ವಾರವಾದ ಮೇಲೆ ಜೋಯಿಸರೇ ಬಂದರು, ಜಾತಕ ಬರೆಯಲು. ಜಗಲಿಯಲ್ಲಿ ಅವರ ದನಿ, ಒಳಗೆ ಮಂಚದ ಮೇಲೆ ನಾನು ಮತ್ತು ಮಗಳು. ಹಾಲೋಬ್ಲಾಕ್ ಆಗ ತೆಗೆದಾಗಿತ್ತು. "ಹುಟ್ಟಿದ ಗಂಟೆ ಹೇಳಿ ಅಮ್ಮಾ" ಎಂದರು ಜೋಯಿಸರು. ನನ್ನ ದಿಂಬಿನ ಪಕ್ಕ ಆಸ್ಪತ್ರೆಯ ಕಾರ್ಡು ಇತ್ತು. ಹನ್ನೊಂದು ಐವತ್ತೆರಡು ಎಂದು ಕೂಗಲು ಬಾಯಿ ತೆರೆದೆ.

"ಹನ್ನೆರಡೂ ಮುಕ್ಕಾಲು" ಎಂದರು ಅತ್ತೆ.

"ಅದು ಮಗು ಹುಟ್ಟಿದ ಹೊತ್ತಾ?"

"ಮಗು ಹುಟ್ಟಿದ ಹೊತ್ತು ಸಿಸ್ಟರ್ ಹೇಳಿದ್ದಾರಂತೆ, ನನ್ನ ಕಿವಿಗೆ ಹೋಗಲಿಲ್ಲ. ಇವಳನ್ನು ಹೊರಗೆ ತಂದದ್ದು ಹನ್ನೆರಡೂ ಮುಕ್ಕಾಲಿಗೆ. ಅದು ನಾನು ನೋಡಿದ್ದೇನೆ, ಗಡಿಯಾರವೂ ಸರಿ ಇತ್ತು. ಅದಕ್ಕೇ ಬರೀರಿ."

"ಲಗ್ನವೇ ಬದಲಾದೀತು ಅಮ್ಮಾ. ಆಸ್ಪತ್ರೆಯ ಕಾರ್ಡಿನಲ್ಲಿ ಇರ್ತದಲ್ಲ, ಒಮ್ಮೆ ನೋಡಿ."

"ಬದಲಾಗಲಿ ಬಿಡಿ. ನಮಗೆ ಇಬ್ಬರೂ ಸಿಕ್ಕಿದ್ದು ಆ ಹೊತ್ತಿಗೆ."

ಜೋಯಿಸರು ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ಕಾಗದದ ಸರಸರ ಕೇಳಿತು. ನಾನು ಮಗಳನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕಾರ್ಡನ್ನು ದಿಂಬಿನ ಅಡಿಗೆ ತಳ್ಳಿದೆ.

ಅತ್ತೆ ಒಳಗೆ ಬಂದರು. ಕೈಯ ಗಡಿಯಾರ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು, ನನ್ನ ಮುಖ ನೋಡದೆ ಕೇಳಿದರು. "ನೀನು ಕೇಳಿಸಿಕೊಂಡೆಯಲ್ಲ? ಗಂಟೆ ಸರಿ ಉಂಟಲ್ವಾ?"

"ಸರಿ ಉಂಟು ಅತ್ತೆ" ಎಂದೆ.